ಡ್ರೈಯರ್ ಹಾಕಿದರೆ ಮನೆ ಯಾಕೆ ಬೆವರುತ್ತದೆ? ಯಾವ ದಾರಿ ಯಾರಿಗೆ ಸರಿ

ಒಣಗಿದ ಬಟ್ಟೆ ಬೆಚ್ಚಗೆ ಕೈಗೆ ಬರುತ್ತದೆ. ತಲೆ ಎತ್ತಿ ನೋಡಿದರೆ ಕಿಟಕಿ ಗಾಜಿನ ಮೇಲೆ ನೀರು ಸಾಲುಸಾಲಾಗಿ ಇಳಿಯುತ್ತಿರುತ್ತದೆ. ಒಂದೆರಡು ತಿಂಗಳು ಹೀಗೇ ಹೋದರೆ ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ ಕಾಣಿಸುತ್ತದೆ, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಹೊಡೆಯುತ್ತದೆ. ಆಗ ಶುರುವಾಗುತ್ತದೆ ಗೊಂದಲ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತರಬೇಕಾ? ಡ್ರೈಯರನ್ನೇ ಬದಲಾಯಿಸಬೇಕಾ? ಗೋಡೆ ಕೊರೆದು ಪೈಪ್ ಹಾಕಿಸಬೇಕಾ? ಕಿಟಕಿ ತೆರೆದಿಟ್ಟರೆ ಸಾಕಾಗಲ್ವಾ?

ಹೀಗೆ ಕೇಳಿದವರಿಗೆಲ್ಲ ನಾನು ಮೊದಲು ಒಂದು ಮಾತು ಕೇಳುತ್ತೇನೆ: ನಿಮ್ಮ ಬಟ್ಟೆಯಲ್ಲಿದ್ದ ನೀರು ಈಗ ಎಲ್ಲಿದೆ? ಡ್ರೈಯರ್ ನೀರನ್ನು ಇಲ್ಲವಾಗಿಸುವುದಿಲ್ಲ. ಬಟ್ಟೆಯಿಂದ ಎಬ್ಬಿಸಿ ಬೇರೆ ಕಡೆ ಸಾಗಿಸುತ್ತದೆ, ಅಷ್ಟೇ. ಆ ನೀರು ಮನೆಯ ಹೊರಗೆ ಹೋಗಬೇಕು, ಇಲ್ಲವೇ ಯಂತ್ರದ ತೊಟ್ಟಿಗೆ ಬೀಳಬೇಕು. ಎರಡೂ ಆಗದಿದ್ದರೆ ನಿಮ್ಮ ಗೋಡೆಗೆ ಅಂಟುತ್ತದೆ. ಈ ಒಂದು ಲೆಕ್ಕ ಕೈಗೆ ಸಿಕ್ಕರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನುವುದು ತಾನಾಗಿ ಕಾಣುತ್ತದೆ.

ಒಂದು ಲೋಟ ನೀರು ಸಾಕು

5 ಕೆ.ಜಿ. ಹತ್ತಿ ಬಟ್ಟೆ ಒಗೆದು, ನಿಮಿಷಕ್ಕೆ 1000 ಸುತ್ತಿನ ಸ್ಪಿನ್‌ನಲ್ಲಿ ಹಿಂಡಿದ ಮೇಲೂ ಅದರಲ್ಲಿ ಸುಮಾರು 3 ಲೀಟರ್ ನೀರು ಉಳಿದಿರುತ್ತದೆ. ಈಗ ಕೋಣೆಯ ಕಡೆ ನೋಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆ ಅಂದರೆ 30 ಘನ ಮೀಟರ್. ಇಡೀ ಕೋಣೆಯ ಗಾಳಿಯಲ್ಲಿ ಹಿಡಿಸುವುದು ಅರ್ಧ ಲೀಟರ್ ಮಾತ್ರ. ಅದರಲ್ಲಿ ಅರ್ಧ ಭಾಗ ಮೊದಲೇ ತುಂಬಿರುತ್ತದೆ. ಉಳಿದ ಜಾಗ ಕಾಲು ಲೀಟರ್‌ನಷ್ಟು, ಒಂದು ಲೋಟ ನೀರು. 3 ಲೀಟರ್‌ನಲ್ಲಿ ಹತ್ತನೇ ಒಂದು ಭಾಗ ಸೋರಿದರೂ ಮುಚ್ಚಿದ ಕೋಣೆ ತುಂಬಿಹೋಯಿತು.

ಇನ್ನೊಂದು ವಿಷಯ ಅನೇಕರನ್ನು ದಾರಿ ತಪ್ಪಿಸುತ್ತದೆ. ಡ್ರೈಯರ್ ಇರುವ ಕೋಣೆ ಬಿಸಿಯಾಗುತ್ತದೆ, ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಅಲ್ಲಿ ಎಲ್ಲ ಒಣಗಿದಂತೆಯೇ ಕಾಣುತ್ತದೆ. ಆ ಆವಿ ಬಾಗಿಲ ಸಂದಿಯಿಂದ ನುಸುಳಿ, ಮನೆಯಲ್ಲಿ ಅತಿ ತಣ್ಣಗಿರುವ ಮಲಗುವ ಕೋಣೆಯಲ್ಲೋ ಉಗ್ರಾಣದಲ್ಲೋ ಹನಿಗಟ್ಟುತ್ತದೆ. 20 ಡಿಗ್ರಿ ಇರುವ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಗಾಜು, ಯಾವ ಗೋಡೆ ಸಿಕ್ಕರೂ ಅಲ್ಲಿ ಹನಿ ಕೂರುತ್ತದೆ. ಅದಕ್ಕೇ ಎಷ್ಟೋ ಜನ ಮಲಗುವ ಕೋಣೆಯ ಗೋಡೆಗೆ ಮತ್ತೆ ಮತ್ತೆ ಬಣ್ಣ ಹೊಡೆಸುತ್ತಾರೆ. ತೊಂದರೆ ಇರುವುದು ಎರಡು ಕೋಣೆ ಆಚೆ, ಡ್ರೈಯರ್‌ನಲ್ಲಿ.

ಕೊಳ್ಳುವ ಮುಂಚೆ ತೂಗಿ ನೋಡಿ

ನನ್ನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ತೊಟ್ಟಿ ಇರುವ ಕಂಡೆನ್ಸರ್ ಡ್ರೈಯರ್ ಅದು, ಅಂದರೆ ಆವಿಯನ್ನು ತಂಪು ಮಾಡಿ ನೀರಾಗಿಸಿ ತೊಟ್ಟಿಗೆ ಇಳಿಸುವಂಥದ್ದು. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ಕಿಟಕಿ ಬೆವರಲು ಶುರುವಾಯಿತು. ಹೊಸ ಯಂತ್ರ ತರೋಣ ಅಂತ ಮನೆಯಲ್ಲಿ ಮಾತಾಯಿತು. ಅದಕ್ಕೂ ಮುಂಚೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತಂದು, ಹಿಂಡಿದ ಬಟ್ಟೆಯನ್ನು ಚೀಲದಲ್ಲಿ ಹಾಕಿ ತೂಗಿದೆ: 7 ಕೆ.ಜಿ. 900 ಗ್ರಾಂ. ಒಣಗಿದ ಮೇಲೆ ಅದೇ ಚೀಲ, ಅದೇ ಬಟ್ಟೆ: 5 ಕೆ.ಜಿ. ಅಂದರೆ ಬಟ್ಟೆ ಬಿಟ್ಟದ್ದು 2 ಕೆ.ಜಿ. 900 ಗ್ರಾಂ ನೀರು. ತೊಟ್ಟಿಯ ನೀರನ್ನು ಬಕೆಟ್‌ಗೆ ಸುರಿದು ತೂಗಿದರೆ 2 ಕೆ.ಜಿ. 100 ಗ್ರಾಂ. ಉಳಿದ 800 ಗ್ರಾಂ ಎಲ್ಲಿ? ಮನೆಯ ಗಾಳಿಯಲ್ಲಿ. ಮೂರು ಲೋಟಕ್ಕೂ ಹೆಚ್ಚು ನೀರು, ಒಂದೇ ಸಲದ ಬಟ್ಟೆಗೆ.

ಯಂತ್ರದ ಕೆಳಗಿನ ಮುಚ್ಚಳ ತೆಗೆದು ಕಂಡೆನ್ಸರನ್ನು ಹೊರಗೆಳೆದೆ. ತೆಳು ಅಲ್ಯೂಮಿನಿಯಂ ಹಾಳೆಗಳ ಮಧ್ಯೆ ಬೂದು ಬಣ್ಣದ ನೂಲಿನ ಧೂಳು ಒದ್ದೆ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗಲು ದಾರಿಯೇ ಇರಲಿಲ್ಲ. ನಲ್ಲಿ ಕೆಳಗೆ ಹಿಡಿದು ಎರಡೂ ಬದಿಯಿಂದ ನೀರು ಹಾಯಿಸಿದೆ, ಅಂಚಿನ ರಬ್ಬರ್ ಒರೆಸಿದೆ, ಒಣಗಿಸಿ ಮತ್ತೆ ಕೂರಿಸಿದೆ. ಮುಂದಿನ ಸಲ ಅಷ್ಟೇ ಬಟ್ಟೆಗೆ ತೊಟ್ಟಿಯಲ್ಲಿ ಸಿಕ್ಕಿದ್ದು 2 ಕೆ.ಜಿ. 600 ಗ್ರಾಂ. ಹೊಸ ಡ್ರೈಯರ್ ವಿಚಾರ ಅಲ್ಲಿಗೇ ನಿಂತಿತು.

ನೀವೂ ಇದನ್ನು ಮಾಡಿ. ತೊಟ್ಟಿಯ ಬದಲು ಸಿಂಕ್‌ಗೆ ಕೊಳವೆ ಬಿಟ್ಟಿದ್ದರೆ ಅದರ ಬಾಯನ್ನು ಬಕೆಟ್‌ಗೆ ಹಾಕಿ. ಯಂತ್ರ ಬಟ್ಟೆಯಿಂದ ತೆಗೆದ ನೀರಿನಲ್ಲಿ ಎಷ್ಟು ಪಾಲನ್ನು ಹಿಡಿದಿಡುತ್ತದೆ ಅನ್ನುವುದೇ ಅದರ ಕಂಡೆನ್ಸೇಷನ್ ದಕ್ಷತೆ. 2013ರಲ್ಲಿ ಬಂದ ಯುರೋಪಿನ ಲೇಬಲ್‌ನಲ್ಲಿ ಶೇ. 90 ದಾಟಿದರೆ ಎ, 80ರಿಂದ 90 ಬಿ, 70ರಿಂದ 80 ಸಿ ಅಂತ ದರ್ಜೆ ಇತ್ತು. ನನ್ನ ಯಂತ್ರ ಧೂಳು ಕಟ್ಟಿಕೊಂಡು ಸಿ ದರ್ಜೆಗೆ ಇಳಿದಿತ್ತು, ತೊಳೆದಾಗ ಎ ಹತ್ತಿರ ಬಂತು.

ಏನು ನೋಡಿ ಆರಿಸಬೇಕು

ನೀರು ಎಷ್ಟು ಮನೆಯೊಳಗೆ ಉಳಿಯುತ್ತದೆ ಅನ್ನುವುದು ಮೊದಲನೆಯದು. ಎರಡನೆಯದು ಮನೆ: ಡ್ರೈಯರ್ ಹೊರಗೋಡೆಗೆ ಹತ್ತಿರ ಇದೆಯಾ, ಗೋಡೆ ಕೊರೆಯುವ ಹಕ್ಕು ನಿಮಗಿದೆಯಾ, ಬಾಡಿಗೆ ಮನೆಯಾ? ಮೂರನೆಯದು ಕೋಣೆ: ಚಿಕ್ಕದಾ, ಥಂಡಿಯಾ, ಗಾಳಿ ಆಡುತ್ತದಾ? ಆಮೇಲೆ ದುಡ್ಡು. ಇದನ್ನು ಎರಡಾಗಿ ನೋಡಬೇಕು, ಕೊಳ್ಳುವಾಗಿನದ್ದು ಬೇರೆ, ಪ್ರತಿ ಸಲದ ಕರೆಂಟ್ ಬೇರೆ. ವಾರಕ್ಕೆ ಒಂದು ಸಲ ಹಾಕುವವರಿಗೆ ಮೊದಲನೆಯದು ಮುಖ್ಯ, ದಿನಾ ಹಾಕುವವರಿಗೆ ಎರಡನೆಯದು. ಕೊನೆಗೆ, ನೀವು ಎಷ್ಟು ಹೊತ್ತು ಕಾಯಬಲ್ಲಿರಿ ಮತ್ತು ಎಷ್ಟು ಸಲ ಬಗ್ಗಿ ಧೂಳು ತೆಗೆಯಬಲ್ಲಿರಿ. ಈ ಕೊನೆಯದನ್ನು ಜನ ಮರೆತುಬಿಡುತ್ತಾರೆ. ಆಮೇಲೆ ತೊಂದರೆ ಕೊಡುವುದು ಅದೇ.

ಗಾಳಿಯನ್ನು ಹೊರಗೆ ಹಾಕುವ ಡ್ರೈಯರ್

ಇದನ್ನು ವೆಂಟೆಡ್ ಡ್ರೈಯರ್ ಅನ್ನುತ್ತಾರೆ. ಕೋಣೆಯ ಗಾಳಿ ಎಳೆದುಕೊಂಡು, ಕಾಯಿಸಿ, ಬಟ್ಟೆಯ ಮೂಲಕ ಹಾಯಿಸಿ, ಒದ್ದೆ ಗಾಳಿಯನ್ನು ಸುಮಾರು 10 ಸೆಂಟಿಮೀಟರ್ ಅಗಲದ ಪೈಪಿನಲ್ಲಿ ಹೊರಗೆ ನೂಕುತ್ತದೆ. ಪೈಪ್ ನೆಟ್ಟಗಿದ್ದರೆ ನೀರಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ. ಆವಿ ಮನೆಗೆ ಬರುವುದೇ ಇಲ್ಲ. ಯಂತ್ರದ ಬೆಲೆ ಕಡಿಮೆ, ಬಟ್ಟೆ ಬೇಗ ಒಣಗುತ್ತದೆ, ಒಳಗೆ ಕೆಡುವ ಭಾಗಗಳೂ ಕಮ್ಮಿ.

ಆದರೆ ಇದರ ಅರ್ಧ ಕೆಲಸ ಮಾಡುವುದು ಯಂತ್ರವಲ್ಲ, ಪೈಪು. ಅಡ್ಡಾದಿಡ್ಡಿ ಸುತ್ತಿದ ಉದ್ದ ಪೈಪು ಹಾಕಿದರೆ ಗಾಳಿ ಹೊರಗೆ ಹೋಗದೆ ಜೋಡಣೆಗಳಿಂದ ಮನೆಯೊಳಗೇ ಸೋರುತ್ತದೆ. ಒಳಮೈ ನಯವಾಗಿರುವ ಗಟ್ಟಿ ಲೋಹದ ಪೈಪು ಎಲ್ಲಕ್ಕಿಂತ ಒಳ್ಳೆಯದು. ತೆಳು ಪ್ಲಾಸ್ಟಿಕ್ ಪೈಪು ಬೇಡವೇ ಬೇಡ, ಅದಕ್ಕೆ ಬೆಂಕಿಯ ಭಯವಿದೆ. ಅಮೆರಿಕದ ಮನೆ ಕಟ್ಟುವ ನಿಯಮಗಳಲ್ಲಿ ಪೈಪಿನ ಉದ್ದಕ್ಕೆ ಸಾಮಾನ್ಯ ಮಿತಿ 35 ಅಡಿ. ಪ್ರತಿ 90 ಡಿಗ್ರಿ ತಿರುವಿಗೆ ಅದರಲ್ಲಿ 5 ಅಡಿ ಕಳೆಯಬೇಕು. ಮೂರು ತಿರುವು ಹಾಕಿದರೆ ಉಳಿಯುವುದು 20 ಅಡಿ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಹಿಡಿಯಿರಿ.

ಪೈಪು ತಣ್ಣನೆಯ ಅಟ್ಟದ ಮೇಲೋ ನೆಲಮಾಳಿಗೆಯಲ್ಲೋ ಹಾದುಹೋದರೆ ಆವಿ ಒಳಗೇ ಹನಿಗಟ್ಟಿ, ಆ ಒದ್ದೆಗೆ ಧೂಳು ಅಂಟಿ ಪೈಪು ಕಟ್ಟಿಕೊಳ್ಳುತ್ತದೆ. ಅಂಥ ಕಡೆ ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿ, ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಹೊರಬಾಯಿಗೆ ಹಿಂದಕ್ಕೆ ಗಾಳಿ ಬರದಂತೆ ತಡೆಯುವ ಮುಚ್ಚಳ ಇರಲಿ, ಸಣ್ಣ ಜಾಲರಿ ಬೇಡ. ಜಾಲರಿಗೆ ಧೂಳು ಮೆತ್ತಿಕೊಂಡರೆ ಎಲ್ಲ ಶ್ರಮ ನೀರುಪಾಲು.

ನೂಲಿನ ಧೂಳಿನ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಅಮೆರಿಕದ ಅಗ್ನಿಶಾಮಕ ಆಡಳಿತದ 2008ರಿಂದ 2010ರವರೆಗಿನ ಲೆಕ್ಕದಲ್ಲಿ ಬಟ್ಟೆ ಡ್ರೈಯರ್‌ನಿಂದ ಮನೆಗಳಲ್ಲಿ ಹತ್ತಿದ ಬೆಂಕಿ ವರ್ಷಕ್ಕೆ ಸುಮಾರು 2900. ಮುಖ್ಯ ಕಾರಣ, ಸ್ವಚ್ಛ ಮಾಡದೆ ಬಿಟ್ಟದ್ದು. ಪ್ರತಿ ಸಲ ಫಿಲ್ಟರ್ ತೆಗೆದು ಒರೆಸಿ. ವರ್ಷಕ್ಕೊಮ್ಮೆಯಾದರೂ ಪೈಪ್ ಬಿಚ್ಚಿಸಿ ಸ್ವಚ್ಛ ಮಾಡಿಸಿ.

ಇನ್ನೊಂದು ತೊಡಕು. ಈ ಡ್ರೈಯರ್ ಗಂಟೆಗೆ ನೂರಕ್ಕೂ ಹೆಚ್ಚು ಘನ ಮೀಟರ್ ಗಾಳಿ ಹೊರಗೆ ಹಾಕುತ್ತದೆ. ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಚಳಿಗಾಲದಲ್ಲಿ ಕಾಯಿಸಿದ ಗಾಳಿ, ಬೇಸಿಗೆಯಲ್ಲಿ ಎ.ಸಿ. ತಣ್ಣಗೆ ಮಾಡಿದ ಗಾಳಿ ಹೀಗೇ ಹೊರಟುಹೋಗುತ್ತದೆ. ಕೋಣೆ ಪೂರ್ತಿ ಮುಚ್ಚಿದ್ದರೆ ಬಟ್ಟೆ ಒಣಗುವುದೇ ನಿಧಾನ. ಅದೇ ಜಾಗದಲ್ಲಿ ಚಿಮಣಿ ಇರುವ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆಯನ್ನು ಒಳಗೆ ಎಳೆದುಕೊಳ್ಳುವ ಅಪಾಯ ಇದೆ. ಅಲ್ಲಿ ಗಾಳಿ ಒಳಬರಲು ಬೇರೆ ದಾರಿ ಇಡಲೇಬೇಕು.

ಗೋಡೆ ಕೊರೆಯಲು ಆಗದವರು ಪೈಪನ್ನು ಕಿಟಕಿಯಿಂದ ಹೊರಗೆ ಬಿಡುತ್ತಾರೆ. ಸುಮ್ನೆ ಸಂದಿಯಲ್ಲಿ ತೂರಿಸಿಟ್ಟರೆ ಹೊರಗೆ ಹೋದ ಆವಿ ಅದೇ ಸಂದಿಯಿಂದ ವಾಪಸ್ ಬರುತ್ತದೆ. ಕಿಟಕಿಯ ಅಳತೆಗೆ ಹಲಗೆ ಕತ್ತರಿಸಿ, ಅದರಲ್ಲಿ ಪೈಪಿನ ಗಾತ್ರದ ತೂತು ಮಾಡಿ, ಅಂಚಿಗೆಲ್ಲ ಫೋಮ್ ಪಟ್ಟಿ ಅಂಟಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬಾಡಿಗೆ ಮನೆಯಲ್ಲಿರುವವರಿಗೆ, ಈಗಾಗಲೇ ವೆಂಟೆಡ್ ಡ್ರೈಯರ್ ಇದ್ದರೆ, ಇದು ನನ್ನ ಮೊದಲ ಸಲಹೆ.

ನೀರಿನ ಡಬ್ಬಿಗೆ ಪೈಪು ಬಿಡುವುದು

ಇದಕ್ಕೆ ದುಡ್ಡು ಹಾಕಬೇಡಿ. ಡ್ರೈಯರ್ ಪೈಪಿನ ತುದಿಯನ್ನು ಸ್ವಲ್ಪ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಮನೆಯೊಳಗೇ ಇಡುವ ಕಿಟ್‌ಗಳು ಸಿಗುತ್ತವೆ. ಆ ನೀರು ಧೂಳನ್ನು ಹಿಡಿಯುತ್ತದೆ, ನಿಜ. ಆವಿಯನ್ನು ಹಿಡಿಯುವುದಿಲ್ಲ. ಬಿಸಿ ಒದ್ದೆ ಗಾಳಿ ನೀರಿನ ಮೇಲಿಂದ ಹಾದು ನೇರ ಕೋಣೆಗೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಡಬ್ಬಿಯ ನೀರೂ ಬೆಚ್ಚಗಾಗುತ್ತದೆ. ಆಮೇಲೆ ಅದು ಇನ್ನೇನು ತಂಪು ಮಾಡೀತು? 3 ಲೀಟರ್ ನೀರಿನ ಬಹುಪಾಲು ನಿಮ್ಮ ಮನೆಯೊಳಗೇ ಉಳಿಯಿತು. ಗ್ಯಾಸ್‌ನಿಂದ ಉರಿಯುವ ಡ್ರೈಯರ್‌ಗೆ ಇದನ್ನು ಹಾಕುವುದಂತೂ ಜೀವಕ್ಕೇ ಅಪಾಯ. ಅದರ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದು ಹೊರಗೇ ಹೋಗಬೇಕು, ಬೇರೆ ಮಾತಿಲ್ಲ.

ಕಂಡೆನ್ಸರ್ ಮತ್ತು ಹೀಟ್ ಪಂಪ್

ಪೈಪು ಹೊರಗೆ ಬಿಡಲು ಸಾಧ್ಯವೇ ಇಲ್ಲದವರು ಆರಿಸುವುದು ಈ ಎರಡರಲ್ಲಿ ಒಂದನ್ನು. ಎರಡಕ್ಕೂ ತೊಟ್ಟಿ ಇರುತ್ತದೆ, ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗಿನ ಕೆಲಸ ಮಾತ್ರ ಬೇರೆ.

ಸಾದಾ ಕಂಡೆನ್ಸರ್ ಡ್ರೈಯರ್, ಬಟ್ಟೆಯಿಂದ ಬಂದ ಒದ್ದೆ ಗಾಳಿಯನ್ನು ತಂಪು ಮಾಡಲು ಕೋಣೆಯ ಗಾಳಿಯನ್ನೇ ಬಳಸುತ್ತದೆ. ಇಲ್ಲೇ ಅದರ ದೌರ್ಬಲ್ಯ ಇರುವುದು. ಚಿಕ್ಕ ಕೋಣೆಯಲ್ಲಿ ಬಾಗಿಲು ಹಾಕಿ ಓಡಿಸಿದರೆ ಅರ್ಧ ಗಂಟೆಯಲ್ಲಿ ಕೋಣೆಯೇ ಕಾದುಹೋಗುತ್ತದೆ. ಬಿಸಿ ಗಾಳಿಯಿಂದ ತಂಪು ಮಾಡುವುದು ಹೇಗೆ? ನೀರು ತೊಟ್ಟಿಗೆ ಬೀಳುವುದು ಕಡಿಮೆಯಾಗುತ್ತದೆ, ಸೋರುವುದು ಜಾಸ್ತಿಯಾಗುತ್ತದೆ. ಕಪಾಟಿನಂಥ ಜಾಗದಲ್ಲಿ ಇದನ್ನು ಇಡುವುದಾದರೆ ಬಾಗಿಲಿಗೆ ಮೇಲೆ ಕೆಳಗೆ ಜಾಲಂಧ್ರ ಇರಲಿ.

ಹೀಟ್ ಪಂಪ್ ಡ್ರೈಯರ್ ಒಳಗೆ ಫ್ರಿಜ್‌ನಲ್ಲಿ ಇರುವಂಥ ಕಂಪ್ರೆಸರ್ ಇರುತ್ತದೆ. ಒಂದು ಕಡೆ ತಣ್ಣನೆಯ ಸುರುಳಿ, ಅದರ ಮೇಲೆ ಆವಿ ಹನಿಗಟ್ಟುತ್ತದೆ. ಅಲ್ಲಿ ಸಿಕ್ಕ ಶಾಖವನ್ನೇ ಇನ್ನೊಂದು ಕಡೆಯ ಬಿಸಿ ಸುರುಳಿಗೆ ಸಾಗಿಸಿ ಅದೇ ಗಾಳಿಯನ್ನು ಮತ್ತೆ ಕಾಯಿಸುತ್ತದೆ. ಗಾಳಿ ಒಳಗೇ ಸುತ್ತುತ್ತಿರುತ್ತದೆ. ಕೋಣೆಗೆ ಬರುವ ಆವಿಯೂ ಕಡಿಮೆ, ಬಿಸಿಯೂ ಕಡಿಮೆ.

ಕರೆಂಟ್ ವಿಷಯದಲ್ಲಿ ವ್ಯತ್ಯಾಸ ದೊಡ್ಡದು. 3 ಲೀಟರ್ ನೀರನ್ನು ಆವಿ ಮಾಡಲು ಬೇಕಾಗುವ ಶಾಖವೇ ಸುಮಾರು 2 ಯೂನಿಟ್. ಕಾಯಿಲ್‌ನಿಂದ ಕಾಯಿಸುವ ಯಾವ ಡ್ರೈಯರ್‌ಗೂ ಇದಕ್ಕಿಂತ ಕಡಿಮೆಯಲ್ಲಿ ಮುಗಿಸಲು ಆಗುವುದಿಲ್ಲ. ಹೀಟ್ ಪಂಪ್‌ಗೆ ಮಾತ್ರ ಆಗುತ್ತದೆ, ಯಾಕೆಂದರೆ ಅದು ಆವಿ ಹನಿಗಟ್ಟುವಾಗ ಬಿಟ್ಟ ಶಾಖವನ್ನು ಮತ್ತೆ ಹಿಡಿದು ಬಳಸುತ್ತದೆ. ಸಾಮಾನ್ಯವಾಗಿ ಉಳಿದವುಗಳ ಅರ್ಧದಷ್ಟು ಕರೆಂಟ್ ಸಾಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈ 1ರಿಂದ ಬಂದ ನಿಯಮ ಎಷ್ಟು ಬಿಗಿ ಎಂದರೆ ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಮನೆಬಳಕೆಯ ಡ್ರೈಯರ್‌ಗಳು ಹೀಟ್ ಪಂಪ್‌ನವೇ.

ಹಾಗಾದರೆ ಎಲ್ಲರೂ ಅದನ್ನೇ ತಗೊಳ್ಳಬಹುದಲ್ವಾ? ಇಲ್ಲ. ಬೆಲೆ ಜಾಸ್ತಿ. ಕಡಿಮೆ ಬಿಸಿಯಲ್ಲಿ ಒಣಗಿಸುವುದರಿಂದ ಹೊತ್ತು ಜಾಸ್ತಿ. ಒಂದು ಗಂಟೆಯಲ್ಲಿ ಆಗುತ್ತಿದ್ದದ್ದು ಎರಡು ಗಂಟೆ ಹಿಡಿಯಬಹುದು. ಬಟ್ಟೆಗೆ ಅದು ಒಳ್ಳೆಯದೇ, ಬಣ್ಣ ಮತ್ತು ಎಲಾಸ್ಟಿಕ್ ಬಾಳಿಕೆ ಬರುತ್ತವೆ. ಆದರೆ ಒಂದರ ಹಿಂದೆ ಒಂದು ನಾಲ್ಕು ಸಲ ಹಾಕಬೇಕಾದ ದಿನ ತಾಳ್ಮೆ ಬೇಕು. ಇನ್ನೊಂದು, ಥಂಡಿ ಜಾಗ ಇದಕ್ಕೆ ಆಗಿಬರುವುದಿಲ್ಲ. ಬಹುತೇಕ ಮಾದರಿಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 5ರಿಂದ 35 ಡಿಗ್ರಿ ಒಳಗಿರಬೇಕು ಎಂದಿರುತ್ತದೆ. ಕೊರೆಯುವ ಚಳಿಯ ಗ್ಯಾರೇಜಿನಲ್ಲಿ ಇಟ್ಟರೆ ಒಣಗಿಸಲು ಒದ್ದಾಡುತ್ತದೆ.

ಸ್ವಚ್ಛತೆಯ ವಿಷಯವನ್ನು ಅಂಗಡಿಯಲ್ಲೇ ಕೇಳಿ. ಕೆಲವು ಹೀಟ್ ಪಂಪ್‌ಗಳು ತೊಟ್ಟಿಯ ನೀರಿನಿಂದ ತಾವೇ ಸುರುಳಿ ತೊಳೆದುಕೊಳ್ಳುತ್ತವೆ. ಕೇಳಲು ಚೆಂದ. ಆದರೆ ಅಂಥ ಕೆಲವು ಯಂತ್ರಗಳಲ್ಲಿ ಸುರುಳಿಯನ್ನು ನಾವು ಹೊರಗೆ ತೆಗೆಯಲು ಬರುವುದಿಲ್ಲ. ಧೂಳು ತಪ್ಪಿಸಿಕೊಂಡು ಒಳಗೆ ಸೇರಿದರೆ ಬಿಚ್ಚಲು ಮೆಕ್ಯಾನಿಕ್ ಬರಬೇಕು. ಕೈಯಿಂದ ಮುಟ್ಟಿ ಸ್ವಚ್ಛ ಮಾಡಲು ಬರುವ ಮಾದರಿಯೇ ನನಗೆ ಇಷ್ಟ. ಎರಡು ನಿಮಿಷದ ಕೆಲಸ, ಕಣ್ಣಿಗೆ ಕಾಣುತ್ತದೆ.

ಒಗೆಯುವುದು ಒಣಗಿಸುವುದು ಎರಡೂ ಒಂದೇ ಯಂತ್ರದಲ್ಲಿ ಬೇಕು ಅನ್ನುವವರಿಗೆ ವಾಷರ್-ಡ್ರೈಯರ್ ಇದೆ. ಇವುಗಳಲ್ಲಿ ಹಲವು ಆವಿಯನ್ನು ನಲ್ಲಿ ನೀರಿನಿಂದ ತಂಪು ಮಾಡಿ ನೇರ ಮೋರಿಗೆ ಕಳಿಸುತ್ತವೆ. ಹಾಗಾಗಿ ಮನೆಯೊಳಗೆ ತೇವ ಕಮ್ಮಿ. ಆದರೆ ಒಣಗಿಸಲೂ ನೀರು ಖರ್ಚಾಗುತ್ತದೆ, ಒಗೆದಷ್ಟು ಬಟ್ಟೆಯನ್ನು ಒಂದೇ ಸಲಕ್ಕೆ ಒಣಗಿಸಲು ಆಗುವುದಿಲ್ಲ. ಜಾಗವೇ ಇಲ್ಲದ ಇಬ್ಬರ ಮನೆಗೆ ಸರಿ.

ಇರುವ ಡ್ರೈಯರ್ ಇಟ್ಟುಕೊಂಡು ಡಿಹ್ಯುಮಿಡಿಫೈಯರ್ ತರುವುದು

ಇಲ್ಲಿ ಡಬ್ಬದ ಮೇಲಿನ ಅಂಕಿ ನಂಬಿ ಮೋಸಹೋಗುವವರು ಬಹಳ. ದಿನಕ್ಕೆ 12 ಲೀಟರ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು 30 ಡಿಗ್ರಿ ಸೆಕೆ, ಶೇ. 80 ತೇವಾಂಶದಲ್ಲಿ ಅಳೆದದ್ದು. 20 ಡಿಗ್ರಿಯ ಕೋಣೆಯಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ದಿನಕ್ಕೆ 5 ಲೀಟರ್ ಅಂದುಕೊಳ್ಳಿ. ಗಂಟೆಗೆ 200 ಗ್ರಾಂ ಆಯಿತು.

ನನ್ನ ಡ್ರೈಯರ್ ಕೆಟ್ಟ ಸ್ಥಿತಿಯಲ್ಲಿದ್ದಾಗ ಸೋರಿದ್ದ 800 ಗ್ರಾಂ ಹಿಡಿಯಲು ಅದಕ್ಕೆ 4 ಗಂಟೆ ಬೇಕು. ಪರವಾಗಿಲ್ಲ. ಆದರೆ ಪೈಪು ಹೊರಗೆ ಬಿಡದ ವೆಂಟೆಡ್ ಡ್ರೈಯರ್ ಒಂದು ಗಂಟೆಯಲ್ಲಿ 3 ಲೀಟರ್ ಆವಿ ಕೋಣೆಗೆ ಬಿಟ್ಟರೆ? 15 ಗಂಟೆ ಬೇಕು. ಅಷ್ಟು ಹೊತ್ತಿಗೆ ಆ ನೀರು ಗೋಡೆಗೆ, ಹಾಸಿಗೆಗೆ, ಬೀರುವಿನ ಒಳಗಿನ ಬಟ್ಟೆಗೆ ಸೇರಿಯಾಗಿರುತ್ತದೆ. ಹಾಗಾಗಿ ಡಿಹ್ಯುಮಿಡಿಫೈಯರ್ ಸಣ್ಣ ಸೋರಿಕೆಯನ್ನು ಬಾಚಿಕೊಳ್ಳಲು ಒಳ್ಳೆಯದು. ಇಡೀ ಡ್ರೈಯರ್‌ನ ಹೊರೆ ಹೊರಲು ಅಲ್ಲ.

ಎರಡು ಬಗೆ ಇವೆ. ಕಂಪ್ರೆಸರ್ ಇರುವುದು ಬೆಚ್ಚಗಿನ ಕೋಣೆಗೆ ಸರಿ, ಕರೆಂಟ್ ಕಡಿಮೆ. ಕೋಣೆ 15 ಡಿಗ್ರಿಗಿಂತ ಕೆಳಗೆ ಇಳಿದರೆ ಮಂಕಾಗುತ್ತದೆ. ಅಂಥ ಥಂಡಿ ಜಾಗಕ್ಕೆ ಡೆಸಿಕೆಂಟ್ ಬಗೆಯದು, ಅಂದರೆ ತೇವ ಹೀರುವ ವಸ್ತುವಿನಿಂದ ಕೆಲಸ ಮಾಡುವುದು ಬೇಕು. ಅದು ಕರೆಂಟ್ ಜಾಸ್ತಿ ಎಳೆಯುತ್ತದೆ, ಕೋಣೆಯನ್ನೂ ಬೆಚ್ಚಗೆ ಮಾಡುತ್ತದೆ. ಯಾವುದೇ ಇರಲಿ, ಡ್ರೈಯರ್ ಇರುವ ಕೋಣೆಯಲ್ಲೇ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಓಡಿಸಿ. ಕಿಟಕಿ ತೆರೆದಿಟ್ಟು ಓಡಿಸಿದರೆ ಊರಿನ ತೇವ ಹಿಂಡಿದ ಹಾಗೆ. ಒಂದೇ ಕೋಣೆಯಲ್ಲಿ ಕಂಡೆನ್ಸರ್ ಡ್ರೈಯರ್ ಇದ್ದರೆ ಮಾತ್ರ ಗೊಂದಲ ಇದೆ: ಡ್ರೈಯರ್‌ಗೆ ತಂಪು ಗಾಳಿ ಬೇಕು, ಡಿಹ್ಯುಮಿಡಿಫೈಯರ್‌ಗೆ ಮುಚ್ಚಿದ ಕೋಣೆ ಬೇಕು. ಡ್ರೈಯರ್ ಓಡುವಾಗ ಕೋಣೆ ತೀರಾ ಕಾಯುತ್ತಿದ್ದರೆ ಬಾಗಿಲು ಸ್ವಲ್ಪ ಸರಿಸಿ, ನಿಂತ ಮೇಲೆ ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕುವುದು ನಾನು ಕಂಡುಕೊಂಡ ದಾರಿ.

ಕಪಾಟಿನಲ್ಲಿ ನೇತುಹಾಕುವ ತೇವ ಹೀರುವ ಪೊಟ್ಟಣಗಳ ಬಗ್ಗೆಯೂ ಕೇಳುತ್ತಾರೆ. ಅವು ವಾರಗಟ್ಟಲೆ ಕೂತು ಕೆಲವು ನೂರು ಗ್ರಾಂ ಹೀರುತ್ತವೆ. ಕಪಾಟಿಗೆ ಸರಿ, ಡ್ರೈಯರ್‌ಗೆ ಲೆಕ್ಕಕ್ಕಿಲ್ಲ.

ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್

ದುಡ್ಡಿನ ಲೆಕ್ಕದಲ್ಲಿ ಇದೇ ಅಗ್ಗ. ಹೊರಗಿನ ಗಾಳಿ ಹೇಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೊರಗೆ 10 ಡಿಗ್ರಿ ಚಳಿ ಇದೆ, ಶೇ. 80 ತೇವಾಂಶ ಇದೆ ಎನ್ನೋಣ. ಶೇ. 80 ಅಂದಾಗ ಒದ್ದೆ ಅನಿಸುತ್ತದೆ, ಆದರೆ ಆ ಗಾಳಿಯ ಒಂದು ಘನ ಮೀಟರ್‌ನಲ್ಲಿ ಇರುವುದು ಏಳೂವರೆ ಗ್ರಾಂ ನೀರು. ಒಳಗೆ 20 ಡಿಗ್ರಿ, ಶೇ. 70 ಇದ್ದರೆ 12 ಗ್ರಾಂ. ಗಂಟೆಗೆ 85 ಘನ ಮೀಟರ್ ಎಳೆಯುವ ಸಣ್ಣ ಬಾತ್‌ರೂಮ್ ಫ್ಯಾನ್ ಕೂಡ ಆಗ ಗಂಟೆಗೆ ಸುಮಾರು 380 ಗ್ರಾಂ ನೀರನ್ನು ಹೊರಗೆ ಹಾಕುತ್ತದೆ. ಆ ಡಿಹ್ಯುಮಿಡಿಫೈಯರ್‌ಗಿಂತ ಹೆಚ್ಚು!

ಅದೇ ಹೊರಗೆ ಮಳೆ, 25 ಡಿಗ್ರಿ, ಶೇ. 90 ಇದ್ದರೆ ಒಂದು ಘನ ಮೀಟರ್‌ನಲ್ಲಿ 20 ಗ್ರಾಂಗೂ ಹೆಚ್ಚು ನೀರು. ಕಿಟಕಿ ತೆರೆದರೆ ನೀವೇ ತೇವ ಒಳಗೆ ಕರೆದ ಹಾಗೆ. ಅಂಥ ದಿನ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕಿ. ಎ.ಸಿ. ಇದ್ದರೆ ಡ್ರೈ ಮೋಡ್ ಕೂಡ ಅದೇ ಕೆಲಸ ಮಾಡುತ್ತದೆ. ತೆರೆಯಬೇಕಾ ಮುಚ್ಚಬೇಕಾ ಅನ್ನಲು ಫೋನಿನ ಹವಾಮಾನದ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ (ಗಾಳಿಯ ಆವಿ ಹನಿಗಟ್ಟಲು ಶುರುವಾಗುವ ಉಷ್ಣತೆ) ನೋಡಿ. ಅದು ನಿಮ್ಮ ಕೋಣೆಯ ಡ್ಯೂ ಪಾಯಿಂಟ್‌ಗಿಂತ ಕೆಳಗಿದ್ದರೆ ತೆರೆಯಿರಿ, ಮೇಲಿದ್ದರೆ ಮುಚ್ಚಿ.

ಎಲ್ಲಕ್ಕಿಂತ ಮೊದಲು ಸ್ಪಿನ್

ಯಾವ ದಾರಿ ಹಿಡಿದರೂ ಇದನ್ನು ಮಾಡಿ. ನೀರನ್ನು ಹಿಂಡಿ ತೆಗೆಯುವುದು ಆವಿ ಮಾಡಿ ತೆಗೆಯುವುದಕ್ಕಿಂತ ಎಷ್ಟೋ ಅಗ್ಗ. 5 ಕೆ.ಜಿ. ಹತ್ತಿ ಬಟ್ಟೆಗೆ ಸ್ಪಿನ್ ಅನ್ನು 1000ದಿಂದ 1400 ಸುತ್ತಿಗೆ ಏರಿಸಿದರೆ ಅರ್ಧ ಲೀಟರ್‌ನಷ್ಟು ನೀರು ಮೋರಿಯಲ್ಲೇ ಹೋಗುತ್ತದೆ. ಅಷ್ಟು ನೀರು ಡ್ರೈಯರ್‌ವರೆಗೂ ಬರುವುದೇ ಇಲ್ಲ. ದಪ್ಪ ಟವೆಲ್, ಜೀನ್ಸ್ ಇದ್ದಾಗ ಇನ್ನೊಂದು ಸಲ ಸ್ಪಿನ್ ಹಾಕಿ. ರೇಷ್ಮೆ, ಉಣ್ಣೆಗೆ ಬೇಡ.

ನಿಮ್ಮದು ಯಾವ ಮನೆ?

ಸ್ವಂತ ಮನೆ, ಡ್ರೈಯರ್ ಹೊರಗೋಡೆಗೆ ಒತ್ತಿಕೊಂಡಿದೆ, ದಿನಾ ಒಂದೆರಡು ಸಲ ಹಾಕುತ್ತೀರಿ, ಬೇಗ ಒಣಗಬೇಕು: ಗೋಡೆ ಕೊರೆಸಿ, ಚಿಕ್ಕ ನೇರ ಪೈಪು ಹಾಕಿಸಿ. ಅದೇ ಮನೆಯನ್ನು ವರ್ಷದಲ್ಲಿ ಬಹುಕಾಲ ಕಾಯಿಸುತ್ತಲೋ ತಂಪು ಮಾಡುತ್ತಲೋ ಇರುತ್ತೀರಿ ಎಂದರೆ ಲೆಕ್ಕ ಹೀಟ್ ಪಂಪ್ ಕಡೆ ವಾಲುತ್ತದೆ. ಕೊಳ್ಳುವಾಗ ಹೆಚ್ಚು ಕೊಟ್ಟದ್ದು ದಿನಾ ಬಳಸುವವರಿಗೆ ಕರೆಂಟ್ ಬಿಲ್ಲಿನಲ್ಲಿ ಹಿಂದಿರುಗುತ್ತದೆ. ವಾರಕ್ಕೊಮ್ಮೆ ಹಾಕುವವರು ಅದನ್ನು ನೆಚ್ಚಿಕೊಳ್ಳಬೇಡಿ.

ಬಾಡಿಗೆ ಮನೆ, ಕಿಟಕಿ ಹತ್ತಿರ ಇದೆ: ಹಲಗೆ ಮತ್ತು ಪೈಪು. ಕಿಟಕಿಯೇ ಇಲ್ಲದ ಒಳಕೋಣೆ: ಹೀಟ್ ಪಂಪ್. ಸಾದಾ ಕಂಡೆನ್ಸರ್ ಅಲ್ಲಿ ಬಿಸಿಯಿಂದಲೇ ಸೋತುಹೋಗುತ್ತದೆ. ಥಂಡಿ ಗ್ಯಾರೇಜು: ಹೊರಗೋಡೆ ಇದ್ದೇ ಇರುತ್ತದಲ್ಲ, ವೆಂಟೆಡ್ ಹಾಕಿ. ಮನೆಯಲ್ಲಿ ಆಸ್ತಮಾ ಇರುವವರು, ಎಳೆ ಮಕ್ಕಳು ಇದ್ದರೆ ಹೊರಗೆ ಹಾಕಲು ಬರುವ ದಾರಿಯನ್ನೇ ಮೊದಲು ಹುಡುಕಿ. ಸದಾ ತೇವ ಇರುವ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ, ಅವರ ಉಸಿರಿಗೆ ಅದು ಒಳ್ಳೆಯದಲ್ಲ. ಕೈಯಲ್ಲಿ ಈಗ ದುಡ್ಡೇ ಇಲ್ಲ ಅಂದರೆ ಧೂಳು ತೆಗೆಯಿರಿ, ಸ್ಪಿನ್ ಏರಿಸಿ, ಡ್ರೈಯರ್ ಕೋಣೆಯ ಬಾಗಿಲು ಹಾಕಿ ಅದರ ಕಿಟಕಿ ತೆರೆಯಿರಿ, ಬಟ್ಟೆಯನ್ನು ಎರಡು ದಿನಕ್ಕೆ ಹಂಚಿ.

ಯಾವುದನ್ನು ಮಾಡಿದರೂ ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ತಂದು ಮನೆಯ ಅತಿ ತಣ್ಣನೆಯ ಕೋಣೆಯಲ್ಲಿ ಇಡಿ, ಡ್ರೈಯರ್ ಪಕ್ಕದಲ್ಲಿ ಅಲ್ಲ. ಡ್ರೈಯರ್ ಹಾಕುವ ಮುಂಚೆ, ನಿಂತ ಕೂಡಲೇ, ಅದಾಗಿ ಮೂರು ಗಂಟೆ ಕಳೆದ ಮೇಲೆ ಅಂತ ಒಂದು ವಾರ ಅಂಕಿ ಬರೆದಿಡಿ. ಮೂರು ಗಂಟೆಯೊಳಗೆ ಅದು ಶೇ. 60ಕ್ಕಿಂತ ಕೆಳಗೆ ಬಂದು, ಬೆಳಿಗ್ಗೆ ಎದ್ದಾಗ ಗಾಜು ಒಣಗಿದ್ದರೆ ಇನ್ನೇನೂ ಕೊಳ್ಳಬೇಕಾಗಿಲ್ಲ. ಬರದಿದ್ದರೆ ಕೊಕ್ಕೆ ತಕ್ಕಡಿ ತಗೊಂಡು ಬಟ್ಟೆಯನ್ನು ಮತ್ತೊಮ್ಮೆ ತೂಗಿ.